ಮಾಡೆಲ್ ಕೂರಿಸುವ ಮೊದಲು ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಎರಡು ಫೋಟೋ ಜೋಡಿಸುವ ಕೋಡ್ ಬರೆಯುತ್ತಿರುವವರಿಗೆ ಈ ಸೂಚನೆ.

ಎರಡೂ ಫೋಟೋಗಳಲ್ಲಿ ಒಂದೇ ಜಾಗವೆಂದು ನೀವು ಹೊಂದಿಸಿದ ಚುಕ್ಕೆಗಳಲ್ಲಿ ತಪ್ಪು ಜೋಡಿಗಳು ಇದ್ದೇ ಇರುತ್ತವೆ. ಅವನ್ನೂ ಸೇರಿಸಿ ಲೀಸ್ಟ್ ಸ್ಕ್ವೇರ್ಸ್ (ದೋಷಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಮಾಡೆಲ್, ಅಂದರೆ ಚುಕ್ಕೆಗಳಿಗೆ ಹೊಂದುವ ಸೂತ್ರ, ಆರಿಸುವ ವಿಧಾನ) ಹಾಕಬೇಡಿ. ಅದು ದೋಷವನ್ನು ವರ್ಗ ಮಾಡುತ್ತದೆ, ಅಲ್ವಾ? 1 ಪಿಕ್ಸೆಲ್ ತಪ್ಪಿಗೆ 1 ದಂಡವಾದರೆ 100 ಪಿಕ್ಸೆಲ್ ತಪ್ಪಿಗೆ 10,000. ದಾರಿ ತಪ್ಪಿದ ಒಂದೇ ಚುಕ್ಕೆ ಇಡೀ ಮಾಡೆಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

1981ರಲ್ಲಿ ಫಿಶ್ಲರ್ ಮತ್ತು ಬೋಲ್ಸ್ ಪ್ರಕಟಿಸಿದ ರಾನ್ಸಾಕ್ ಬಳಸಿ. ಮಾಡೆಲಿಗೆ ಬೇಕಾದ ಕನಿಷ್ಠ ಚುಕ್ಕೆಗಳನ್ನು ಮಾತ್ರ ಚೀಟಿ ಎತ್ತಿದ ಹಾಗೆ ಆರಿಸಿ, ಮಾಡೆಲ್ ಕಟ್ಟಿ, ಉಳಿದವುಗಳಲ್ಲಿ ಎಷ್ಟು ಅದನ್ನು ಒಪ್ಪುತ್ತವೆ (ಅಂದರೆ ನೀವಿಟ್ಟ ದೋಷದ ಮಿತಿಯೊಳಗೆ ಬೀಳುತ್ತವೆ) ಎಂದು ಎಣಿಸುವುದು. ಹೀಗೆ ಹಲವು ಸಲ ಮಾಡಿದಾಗ ಹೆಚ್ಚು ಮತ ಬಿದ್ದದ್ದು ಗೆಲ್ಲುತ್ತದೆ.

ಎಷ್ಟು ಸಲ ಎತ್ತಬೇಕು? ಸುಮ್ನೆ 1,000 ಎಂದು ಹಾಕಬೇಡಿ. ಅರ್ಧ ಚುಕ್ಕೆಗಳು ಸರಿಯಿದ್ದು, ಒಮ್ಮೆಯಾದರೂ ಪೂರ್ತಿ ಶುದ್ಧ ಗುಂಪು ಸಿಗುವ ಸಾಧ್ಯತೆ ಶೇ. 99 ಇರಬೇಕೆಂದರೆ, ಸರಳರೇಖೆಗೆ (2 ಚುಕ್ಕೆ) 17 ಸಲ ಸಾಕು. ಹೋಮೋಗ್ರಫಿಗೆ (ಒಂದು ಫೋಟೋದ ಸಮತಲವನ್ನು ಇನ್ನೊಂದರ ಮೇಲೆ ಕೂರಿಸುವ ಸೂತ್ರ; 4 ಜೋಡಿ) 72. ಫಂಡಮೆಂಟಲ್ ಮ್ಯಾಟ್ರಿಕ್ಸಿಗೆ (ಎರಡು ಕ್ಯಾಮೆರಾ ನೋಟಗಳ ಸಂಬಂಧ ಹೇಳುವ ಮ್ಯಾಟ್ರಿಕ್ಸ್) 8 ಜೋಡಿ ತೆಗೆದುಕೊಂಡರೆ 1,177! ಲೆಕ್ಕ ಹೀಗೆ ಏರುವುದರಿಂದಲೇ ಕನಿಷ್ಠ ಚುಕ್ಕೆ ಎಂದದ್ದು. ವಾಸ್ತವದಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಇಡಿ, ಏಕೆಂದರೆ ಸರಿಯಾದ ಚುಕ್ಕೆಗಳಲ್ಲೂ ಸಣ್ಣ ಅಲುಗಾಟ ಇರುತ್ತದೆ.

ಹೋಮೋಗ್ರಫಿಗೆ ಆರಿಸಿದ ನಾಲ್ಕರಲ್ಲಿ ಮೂರು ಒಂದೇ ಗೆರೆಯ ಮೇಲಿದ್ದರೆ ಆ ಗುಂಪನ್ನು ಬಿಟ್ಟುಬಿಡಿ. ಕೊನೆಗೆ ಒಪ್ಪಿದ ಚುಕ್ಕೆಗಳಷ್ಟಕ್ಕೇ ಲೀಸ್ಟ್ ಸ್ಕ್ವೇರ್ಸ್ ಹಾಕಿ; ಈಗ ಅದು ಒಳ್ಳೆಯ ಹುಡುಗ.

ಫಲಿತಾಂಶದ ಚಿತ್ರ ಹಾಕುವಾಗ ದೋಷದ ಮಿತಿ ಎಷ್ಟು ಪಿಕ್ಸೆಲ್ ಇಟ್ಟಿರಿ, ಎಷ್ಟು ಜೋಡಿ ಉಳಿದವು ಎಂದೂ ಬರೆಯಿರಿ. ಬರೀ ಚಿತ್ರ ನೋಡಿ ಏನೂ ಹೇಳಲಾಗದು.