ಇಬ್ಬರ ಹೆಸರೂ ಇರಲಿ

ಮಾನ್ಯರೇ,

ನಗರದ ಕಲಾ ಪ್ರದರ್ಶನವೊಂದರಲ್ಲಿ ಇಬ್ಬರು ಯುವತಿಯರು ಸೇರಿ ಮಾಡಿದ ಕೃತಿಗೆ ಒಬ್ಬರ ಹೆಸರನ್ನಷ್ಟೇ ಹಾಕಿದ್ದು ಬೇಸರ ತಂದಿತು. ಜೊತೆಗೂಡಿ ಫೋಟೊ ಕಲಾಕೃತಿಗಳನ್ನು ಮಾಡಿದ ಫ್ರಾನ್ಸ್‌ನ ಕಲಾವಿದೆಯರಾದ ಕ್ಲೋಡ್ ಕಾಹುನ್ ಮತ್ತು ಮಾರ್ಸೆಲ್ ಮೂರ್ ಜೋಡಿಗೂ ಹೀಗೇ ಆಗಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಶವಾಗಿದ್ದ ಜೆರ್ಸಿ ದ್ವೀಪದಲ್ಲಿ ಇಬ್ಬರೂ ಸೇರಿ ನಾಜಿಗಳ ವಿರುದ್ಧ ಜರ್ಮನ್ ಭಾಷೆಯಲ್ಲೇ ಕರಪತ್ರ ಬರೆದು ಸೈನಿಕರ ನಡುವೆ ಹಂಚಿದರು. 1944ರಲ್ಲಿ ಸೆರೆಯಾದರು, ಮರಣದಂಡನೆಯ ತೀರ್ಪೂ ಬಂತು, ಆದರೆ ಅದು ಜಾರಿಯಾಗಲಿಲ್ಲ. 1945ರಲ್ಲಿ ದ್ವೀಪ ಬಿಡುಗಡೆಯಾಗಿ ಬದುಕುಳಿದರು. ಎಂಥ ಧೈರ್ಯ! ಆದರೂ ಅವರ ಫೋಟೊಗಳ ಕೀರ್ತಿ ಬಹುಕಾಲ ಕಾಹುನ್‌ಗೇ ಜಾಸ್ತಿ ಸಂದಿತು. ಮೂರ್ ಇಲ್ಲದೆ ಆ ಚಿತ್ರಗಳು ಹಾಗೆ ಮೂಡುತ್ತಿರಲಿಲ್ಲ, ಅಲ್ವಾ? ಪ್ರದರ್ಶನ ಏರ್ಪಡಿಸುವವರು ಕೃತಿಯ ಚೀಟಿಯಲ್ಲಿ ಇಬ್ಬರ ಹೆಸರನ್ನೂ ಹಾಕಲಿ. ಮೈಸೂರಿನ ಕಾವಾ ದೃಶ್ಯಕಲಾ ಕಾಲೇಜಿನಲ್ಲಿ ಈ ಜೋಡಿಯ ಬಗ್ಗೆ ಕನ್ನಡದಲ್ಲೇ ಒಂದು ಉಪನ್ಯಾಸ ನಡೆದರೆ ವಿದ್ಯಾರ್ಥಿಗಳಿಗೂ ಉಪಯೋಗ.

– ಕಲಾಸಕ್ತೆ, ಸರಸ್ವತಿಪುರಂ, ಮೈಸೂರು