ರಾತ್ರಿ 12ರಿಂದ 4 ಗಂಟೆ ಬಿಟ್ಟು ಕರೆಂಟು ಕೊಡಿ

ಮಾನ್ಯರೇ,

ನಮ್ಮ ಫೀಡರಿಗೆ ತ್ರೀಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿ ಬಂತೆಂದರೆ ಮೋಟರ್ ಮನೆಗೆ ಕಟ್ಟಿದ ಬಲ್ಬು ಯಾವಾಗ ಹತ್ತೀತೆಂದು ಕಿಟಕಿ ಕಡೆಗೇ ಕಣ್ಣು. ಹತ್ತಿದ ಕೂಡಲೇ ಗಂಬೂಟು ಹಾಕಿ, ಟಾರ್ಚು, ಸನಿಕೆ ಹಿಡಿದು ಹೊರಡಬೇಕು. ಆಟೊ ಸ್ಟಾರ್ಟರ್ ಹಾಕಿಸಿ ಎನ್ನುತ್ತಾರೆ. ಹಾಕಿಸಿದ್ದೇನೆ. ಮೋಟರ್ ತಾನೇ ಓಡುತ್ತದೆ, ಸರಿ. ಮೆಕ್ಕೆಜೋಳದ ಒಂದು ಸಾಲು ತುಂಬಿದ ಮೇಲೆ ಮಣ್ಣು ಎಳೆದು ನೀರನ್ನು ಪಕ್ಕದ ಸಾಲಿಗೆ ತಿರುಗಿಸುವವರು ಯಾರು? ಮಲಗಿದೆ ಎನ್ನುವಷ್ಟರಲ್ಲಿ ಹಸು ಕೂಗುತ್ತದೆ. 6 ಗಂಟೆಗೆ ಡೈರಿಯಲ್ಲಿ ಹಾಲು ಇರಬೇಕು.

ನನಗೆ ಸಕ್ಕರೆ ಕಾಯಿಲೆ. ಅದೇ ಮಾತ್ರೆ, ಅದೇ ಮುದ್ದೆ, ಆದರೂ ರಾತ್ರಿ ಪಾಳಿಯ ವಾರ ಸಕ್ಕರೆ ಏರಿರುತ್ತದೆ. 'ಊಟ ಎಷ್ಟು ಹೊತ್ತಿಗೆ?' ಎಂದು ಡಾಕ್ಟರು ಕೇಳಿದರು. ನೀರು ಕಟ್ಟಿ ಬಂದು ಎರಡು ಗಂಟೆಗೆ ಅಂದೆ. ಆ ಹೊತ್ತಿಗೆ ದೇಹ ಊಟಕ್ಕೆ ಸಿದ್ಧವಿರುವುದಿಲ್ಲ, ಹಗಲು ಅರಗಿಸಿದ ಹಾಗೆ ಸಕ್ಕರೆಯನ್ನು ಅರಗಿಸುವುದಿಲ್ಲ ಅಂದರು.

ಬಿ.ಎಸ್ಸಿ. ಓದುವ ಮಗಳು ಉಳಿದದ್ದನ್ನು ಹೇಳಿದಳು. ಕಣ್ಣಿನ ಹಿಂದೆ, ಮಿದುಳಿನ ಬುಡದಲ್ಲಿ ಸುಮಾರು 20 ಸಾವಿರ ಜೀವಕೋಶಗಳ ಒಂದು ಗಂಟು ಇದೆಯಂತೆ. ಅದೇ ದೇಹದ ಗಡಿಯಾರ, ಬೆಳಗಿನ ಬೆಳಕು ನೋಡಿ ಹೊತ್ತು ಸರಿಪಡಿಸಿಕೊಳ್ಳುತ್ತದಂತೆ. 1729ರಲ್ಲಿ ಫ್ರಾನ್ಸಿನವನೊಬ್ಬ ಮುಟ್ಟಿದರೆ ಮುನಿ ಗಿಡವನ್ನು ಕತ್ತಲೆಯಲ್ಲಿಟ್ಟರೂ ಅದು ಹಗಲಿಗೆ ಎಲೆ ಬಿಚ್ಚಿ ರಾತ್ರಿಗೆ ಮಡಚಿತಂತೆ. ನನ್ನ ಬದುವಿನ ತುಂಬಾ ಅದೇ ಗಿಡ, ಕಿತ್ತು ಕಿತ್ತು ಸಾಕಾಗಿದೆ. ಅದಕ್ಕೂ ಗಡಿಯಾರವಿದೆ ಎಂದು ಗೊತ್ತಿರಲಿಲ್ಲ. ಹಣ್ಣಿಗೆ ಮುತ್ತುವ ಸಣ್ಣ ನೊಣದಲ್ಲಿ ಈ ಗಡಿಯಾರ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಮೂವರು ಅಮೆರಿಕನ್ನರಿಗೆ 2017ರಲ್ಲಿ ನೊಬೆಲ್ ಕೂಡ ಬಂದಿದೆ.

ನನ್ನ ತಕರಾರು ಇರುವುದು ಇಲ್ಲಿ. ಈ ಗಡಿಯಾರ ದಿನಕ್ಕೆ ಹೆಚ್ಚೂಕಡಿಮೆ ಒಂದು ಗಂಟೆಯಷ್ಟೇ ಸರಿಯುತ್ತದಂತೆ. ಅದು ರಾತ್ರಿಗೆ ಒಗ್ಗುವ ಮೊದಲೇ ವಾರ ಮುಗಿದು ಪಾಳಿ ತಿರುಗುತ್ತದೆ. ಹಾವು, ಚಿರತೆಯ ಭಯ ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ.

ಕುಸುಮ್ ಯೋಜನೆಯ ಸೋಲಾರ್ ಬಂದರೆ ಹಗಲೇ ಕರೆಂಟು ಎನ್ನುತ್ತಾರೆ. ಬರಲಿ. ಅಲ್ಲಿಯತನಕ ರಾತ್ರಿ ಪಾಳಿಯನ್ನು ನಡುರಾತ್ರಿಗೆ ಇಡಬೇಡಿ. ಬೆಳಗಿನ ಜಾವ ನಾಲ್ಕಕ್ಕೆ ಕೊಡಿ, ಎದ್ದು ಹೋಗುತ್ತೇವೆ. ನಮಗೆ ಆ ಹೊತ್ತು ಹೊಸದಲ್ಲ.

– ಬಯಲುಸೀಮೆಯ ಒಬ್ಬ ರೈತ