ಕೆಲಸ ಸಿಕ್ತು ಅಪ್ಪ, ಈ ಸಲ ನಿಜವಾಗಿ

ಹೂಫ್‌ಡಾರ್ಪ್, ನೆದರ್ಲೆಂಡ್ಸ್
ಭಾನುವಾರ

ಪ್ರೀತಿಯ ಅಪ್ಪ, ಅಮ್ಮನಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ಫೋನಿದ್ದೂ ಪತ್ರ ಯಾಕೆ ಬರೆದಳು ಅಂತ ಗಾಬರಿ ಆಗಬೇಡಿ. ವಿಡಿಯೊ ಕಾಲ್‌ನಲ್ಲಿ ಅಮ್ಮನ ಮುಖ ನೋಡಿದರೆ ಅರ್ಧ ಮಾತು ಗಂಟಲಲ್ಲೇ ನಿಂತುಬಿಡುತ್ತೆ. ತಮ್ಮ ಇದನ್ನು ಪೂರ್ತಿ ಓದಿ ಹೇಳಲಿ. ಮಧ್ಯದಲ್ಲಿ ಒಂದು ಸಾಲೂ ನುಂಗಬಾರದು.

ಕೆಲಸ ಸಿಕ್ಕಿದೆ. ‘ಆಗಲೇ ಸಿಕ್ಕಿತ್ತಲ್ಲ’ ಅಂತೀಯ ಅಪ್ಪ. ಸಿಕ್ಕಿರಲಿಲ್ಲ. ವಾಗೆನಿಂಗೆನ್‌ನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದು ಮುಗಿದ ಮೇಲೆ ‘ಕಂಪನಿಗೆ ಹೋಗ್ತಿದ್ದೀನಿ’ ಅಂತ ಹೇಳ್ತಿದ್ದೆನಲ್ಲ, ಅದು ಒಂದು ಗೋದಾಮು. ರಾತ್ರಿ ಪಾಳಿ. ದಿನಸಿ ಪೆಟ್ಟಿಗೆ ತುಂಬುವ ಕೆಲಸ. ಹಗಲು ಅರ್ಜಿ ಹಾಕ್ತಿದ್ದೆ. ಮೊದಮೊದಲು ಎಷ್ಟು ಹಾಕಿದೆ ಅಂತ ಬರೆದಿಡ್ತಿದ್ದೆ, ಅರವತ್ತು ದಾಟಿದ ಮೇಲೆ ಅದನ್ನೂ ಬಿಟ್ಟೆ.

ಇಲ್ಲಿ ಓದಿದ ಹೊರಗಿನವರಿಗೆ ಕೆಲಸ ಹುಡುಕಿಕೊಳ್ಳಲು ಒಂದು ವರ್ಷ ಇರಲು ಬಿಡುತ್ತಾರೆ. ‘ಝೂಕ್‌ಯಾರ್’ ಅಂತ ಅದರ ಹೆಸರು. ಹುಡುಕೋ ವರ್ಷ ಅಂತಲೇ ಅರ್ಥ. ಆ ವರ್ಷವನ್ನು ಮತ್ತೆ ಎಳೆಯುವ ಹಾಗಿಲ್ಲ. ನನಗೆ ಒಂಬತ್ತು ತಿಂಗಳು ಅಲ್ಲೇ ಕಳೆದುಹೋಗಿತ್ತು. ಹೂವಿನ ವ್ಯಾಪಾರದವರು ಆಲ್ಸ್‌ಮೇರ್ ಸುತ್ತಮುತ್ತ ಜಾಸ್ತಿ, ಅಲ್ಲೇ ಹೋಗಿ ಕೂತರೆ ಏನಾದರೂ ಆಗಬಹುದು ಅಂತ ಗಂಟುಮೂಟೆ ಕಟ್ಟಿ ಈ ಊರಿಗೆ ಬಂದೆ. ಮೊದಲು ಹಿಡಿದ ರೂಮಿನವನು ಮುಂಗಡ ತಗೊಂಡ. ಆಮೇಲೆ, ಈ ವಿಳಾಸದಲ್ಲಿ ನಿನ್ನ ಹೆಸರು ನೋಂದಾಯಿಸೋ ಹಾಗಿಲ್ಲ ಅಂದ. ಇಲ್ಲಿ ಮನೆ ಬದಲಾಯಿಸಿದರೆ ಐದು ದಿನದೊಳಗೆ ಪುರಸಭೆಗೆ ತಿಳಿಸಬೇಕು. ಜಗಳ ಆಡಿ ಬಿಟ್ಟು ಬಂದೆ. ಒಂದು ತಿಂಗಳ ಬಾಡಿಗೆ ಮುಳುಗಿತು. ಈಗ ಇರುವುದು ದಕ್ಷಿಣ ಅಮೆರಿಕದ ಸುರಿನಾಮ್ ಕಡೆಯ ಒಬ್ಬ ಅಜ್ಜಿಯ ಮನೆಯಲ್ಲಿ. 1873ರಿಂದ ನಮ್ಮ ದೇಶದ ಕೂಲಿಯವರನ್ನು ಅಲ್ಲಿಯ ತೋಟಗಳಿಗೆ ಹಡಗಿನಲ್ಲಿ ಕರ್ಕೊಂಡು ಹೋದರಲ್ಲ, ಅವರ ವಂಶ. ಪೂಜೆ ಮಾಡ್ತಾರೆ, ರೊಟ್ಟಿ ತಟ್ತಾರೆ. ಬಾಡಿಗೆ ಮಾತ್ರ ಒಂದು ಯೂರೋನೂ ಇಳಿಸಲ್ಲ.

ಹೂವಿನ ಕಂಪನಿಯ ಸಂದರ್ಶನದ ವಿಷಯಕ್ಕೆ ಬರ್ತೀನಿ ಅಪ್ಪ, ಪತ್ರ ಬರೆಯೋಕೆ ಕೂತಿದ್ದೇ ಇದಕ್ಕೆ. ಮೇಡಂ ಎರಡು ಕಟ್ಟು ಗುಲಾಬಿ ತಂದು ಮೇಜಿನ ಮೇಲೆ ಇಟ್ಟರು. ಎರಡೂ ಕೆಂಪು, ಎರಡೂ ಕೀನ್ಯಾದಿಂದ ಬಂದದ್ದು. ಯಾವುದು ಜಾಸ್ತಿ ದಿನ ಬಾಳುತ್ತೆ ಹೇಳು ಅಂದರು. ಓದಿದ್ದೆಲ್ಲ ಆ ಹೊತ್ತಿಗೆ ಸರಿಯಾಗಿ ಮರೆತುಹೋಯ್ತು. ಕೈ ತಾನಾಗೇ ಹೋಯ್ತು. ಮೊಗ್ಗು ಮೆತ್ತಗೆ ಒತ್ತಿದೆ. ಒಂದರಲ್ಲಿ ಗಟ್ಟಿ, ಇನ್ನೊಂದರಲ್ಲಿ ಸ್ವಲ್ಪ ಮೆದು. ಮೆದು ಇದ್ದದ್ದರ ಹೊರಗಿನ ಎಸಳು ಬಿಡಿಸಿದೆ. ಒಳಗೆ ಸಣ್ಣ ಸಣ್ಣ ಕಂದು ಚುಕ್ಕೆ, ಬೂಷ್ಟು ಶುರುವಾಗಿತ್ತು. ‘ನೋಡೋಕೆ ಇದೇ ಚೆಂದ, ಆದರೆ ಬೇಗ ಕೈ ಕೊಡುತ್ತೆ’ ಅಂದೆ. ಎಲ್ಲಿ ಕಲಿತೆ ಅಂತ ಕೇಳಿದರು. ಕಾಲೇಜಿನ ಹೆಸರು ಬಾಯಿಗೆ ಬರಲಿಲ್ಲ. ‘ನಮ್ಮಪ್ಪ ರೇಷ್ಮೆ ಬೆಳೀತಾರೆ’ ಅಂದೆ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ನನ್ನನ್ನು ಕರ್ಕೊಂಡು ಹೋಗ್ತಿದ್ದೆಯಲ್ಲ. ನೂಲು ಬಿಚ್ಚುವ ರೀಲರ್‌ಗಳು ಗೂಡು ಒತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, ತೆಳು ಜಿಲ್ಲಿ ಗೂಡು ಜಾಸ್ತಿ ಇದೆ ಅಂತ ಮೂಗು ಮುರೀತಿದ್ದರು. ನೀನು ಏನೂ ಮಾತಾಡ್ತಿರಲಿಲ್ಲ. ಲಾಟಿನ ಅಡಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಅವರ ಮುಂದೆ ಹಿಡೀತಿದ್ದೆ. ಅದನ್ನೆಲ್ಲ ಅವರಿಗೆ ನನ್ನ ಹರಕು ಡಚ್ಚಿನಲ್ಲಿ ಹೇಳಿದೆ. ಅವರು ಬರೆದುಕೊಳ್ಳೋದು ಬಿಟ್ಟು ಕೇಳಿಸಿಕೊಂಡರು. ಮೂರನೇ ದಿನ ಫೋನ್ ಬಂತು.

ಕೆಲಸ ಗುಣಮಟ್ಟ ನೋಡೋದು. ಬಂದ ಹೂವನ್ನು ಹೂದಾನಿಯಲ್ಲಿಟ್ಟು ಎಷ್ಟು ದಿನ ನಿಲ್ಲುತ್ತೆ ಅಂತ ದಿನಾ ಬರೀಬೇಕು. ಆ ಕೋಣೆ ಯಾವಾಗಲೂ 20 ಡಿಗ್ರಿ, ದೀಪ ದಿನಕ್ಕೆ 12 ಗಂಟೆ. ನಮ್ಮ ಹುಳು ಮನೆಯೇ ಅನ್ನು. ಬೇಸಿಗೆಯಲ್ಲಿ ನೀನು ಒದ್ದೆ ಗೋಣಿ ಕಟ್ತಿದ್ದೆ, ಇಲ್ಲಿ ಅದನ್ನು ಯಂತ್ರ ಮಾಡುತ್ತೆ. ಮೊದಲ ದಿನ ಒಳಗೆ ಕಾಲಿಟ್ಟಾಗ, ಹುಳು ಸೊಪ್ಪು ತಿನ್ನುವ ಸದ್ದು ಕೇಳಿಸ್ತಿಲ್ಲವಲ್ಲ ಅನ್ನಿಸಿತು.

ಇಲ್ಲಿಯ ಹೂವಿನ ಹರಾಜು ನೋಡಿದರೆ ನೀನು ನಗ್ತೀಯ. ನಮ್ಮಲ್ಲಿ ಬೆಲೆ ಏರಬೇಕು. ಇಲ್ಲಿ ಮೇಲಿಂದ ಶುರುವಾಗಿ ಇಳೀತಾ ಬರುತ್ತೆ. ಗಡಿಯಾರದ ಹಾಗೆ ತೋರಿಸ್ತಾರೆ. ಮೊದಲು ಗುಂಡಿ ಒತ್ತಿದವನಿಗೆ ಮಾಲು. ಆತುರ ಪಟ್ಟರೆ ದುಬಾರಿ, ತಡ ಮಾಡಿದರೆ ಕೈ ಖಾಲಿ. ಒಂದು ಉಸಿರು ಎಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಈಗ ಹೆಚ್ಚಿನವರು ಕೊಳ್ಳೋದು ಅವರವರ ಕಂಪ್ಯೂಟರ್ ಮುಂದೆ ಕೂತು. ನಿನಗೆ ಇದು ಹಿಡಿಸಲ್ಲ, ಮುಖ ನೋಡಿ ಚೌಕಾಸಿ ಮಾಡೋ ಹಾಗಿಲ್ಲವಲ್ಲ.

ಇನ್ನೊಂದು ಮಾತು. ನಾನು ಈಗ ಮಲಗುವ ಜಾಗ ಒಂದು ಕಾಲಕ್ಕೆ ದೊಡ್ಡ ಕೆರೆಯ ತಳ. 1852ರಲ್ಲಿ ಹಬೆಯ ಪಂಪು ಇಟ್ಟು ನೀರು ಖಾಲಿ ಮಾಡಿದರಂತೆ. ಇವತ್ತಿಗೂ ಪಂಪು ನಿಂತರೆ ಮತ್ತೆ ನೀರು ತುಂಬುತ್ತೆ. ನಾವು 1,300 ಅಡಿ ಕೊರೆಸಿ ಒಂದೂವರೆ ಇಂಚು ನೀರಿಗೆ ಕಾಯ್ದ ದಿನ ನೆನಪಾಯ್ತು. ಇಲ್ಲಿನವರಿಗೆ ಹೇಳಿದರೆ ಅಡಿಯೋ ಸೆಂಟಿಮೀಟರೋ ಅಂತ ಎರಡು ಸಲ ಕೇಳ್ತಾರೆ.

ಒಪ್ಪಂದ ಒಂದು ವರ್ಷದ್ದು. ಮೊದಲ ತಿಂಗಳು ಪರೀಕ್ಷೆಯ ಅವಧಿ, ಯಾವ ದಿನ ಬೇಕಾದರೂ ಬೇಡ ಅನ್ನಬಹುದು. ಅದು ಮುಗಿಯೋವರೆಗೆ ಊರಲ್ಲಿ ಯಾರಿಗೂ ಹೇಳಬೇಡಿ. ಚಿಕ್ಕಮ್ಮನಿಗಂತೂ ಬೇಡವೇ ಬೇಡ. ಮೂಲೆ ಹೊಲ ಮಾರೋ ಮಾತು ಸದ್ಯಕ್ಕೆ ನಿಲ್ಲಿಸಪ್ಪ. ಮುಂದಿನ ತಿಂಗಳಿಂದ ಬ್ಯಾಂಕಿನ ಕಂತು ನಾನೇ ಕಟ್ತೀನಿ. ಸಂಬಳದ ಜೊತೆ ವರ್ಷಕ್ಕೆ ಶೇಕಡಾ 8ರಷ್ಟು ರಜೆ ಹಣ ಅಂತ ಬೇರೆ ಕೊಡ್ತಾರೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಊರೂರು ಸುತ್ತಿ ಬರಲಿ ಅಂತ ಕೊಡೋ ದುಡ್ಡು. ನಂದು ಅದೂ ಸಾಲಕ್ಕೇ.

ಈ ಸಲದ ಗೂಡು ಏನು ರೇಟಿಗೆ ಹೋಯ್ತು? ಹುಳು ಕೊಲ್ಲೋ ಊಜಿ ನೊಣದ ಕಾಟ ಕಮ್ಮಿಯಾಯ್ತಾ? ತಮ್ಮನ ಕೈಲಿ ಬರೆಸು.

ಅಮ್ಮಾ, ಗೋದಾಮಿನ ವಿಷಯಕ್ಕೆ ನೀನು ಬಯ್ತೀಯ ಅಂತ ಗೊತ್ತು. ಭಾನುವಾರ ಮಾಡಿ ಬಯ್ಯಿ. ಬೇರೆ ದಿನ ನೀನು ಬೆಳಗ್ಗೆ ಕೆಲಸ ಮುಗಿಸಿ ಫೋನ್ ಹಿಡಿಯೋ ಹೊತ್ತಿಗೆ ನಾನು ಹೂದಾನಿ ಎಣಿಸ್ತಿರ್ತೀನಿ, ಫೋನ್ ಒಳಗೆ ಬಿಡಲ್ಲ.

ನಿಮ್ಮ ಮಗಳು